ದೊಡ್ಡಪ್ಪನ ರಾಗಿ ಡಬ್ಬ

ಹೋದ ಭಾನುವಾರ ತೂಬಗೆರೆಯ ಮನೆಯ ಹಳೇ ಸಾಮಾನನ್ನೆಲ್ಲ ಗುಜರಿಗೆ ಹಾಕಲು ಕೂತಿದ್ದೆ. ಎದೆಯೆತ್ತರದ ಅಲ್ಯೂಮಿನಿಯಂ ರಾಗಿ ಡಬ್ಬ ಮಾತ್ರ ಗುಜರಿಯವನ ಆಟೋದಲ್ಲಿ ಹಿಡಿಸಲಿಲ್ಲ. ಬಿಚ್ಚೋಣವೆಂದು ಉಳಿ ಸುತ್ತಿಗೆ ತಂದವನು ಸುತ್ತಲೂ ತಡವಿ, "ಸಾರ್, ಇದಕ್ಕೆ ರಿವೆಟ್ ಎಲ್ಲಿ ಹೊಡ್ದವ್ರೆ? ಕೈಗೇ ಸಿಗ್ತಿಲ್ಲ" ಎಂದ. ನಾನು ಸುತ್ತಿಗೆ ಇಸಿದುಕೊಂಡೆ.

ಅದನ್ನು ಮಾಡಿದ್ದು ನನ್ನ ದೊಡ್ಡಪ್ಪ. ದೇವನಹಳ್ಳಿ ಕಡೆ ಹೋದರೆ ನೀವೂ ನಾನೂ ವಿಮಾನ ಕಂಡಾಗಲೆಲ್ಲ ಕತ್ತೆತ್ತುತ್ತೇವೆ, ಅವರು ಎತ್ತುತ್ತಿರಲಿಲ್ಲ. ಬೆಂಗಳೂರಿನ ಕಾರ್ಖಾನೆಯೊಂದರಲ್ಲಿ ಅವರು ಯುದ್ಧವಿಮಾನದ ರೆಕ್ಕೆಗೆ ತಗಡು ಹೊದಿಸಿದವರು. ಪ್ರಯೋಗಕ್ಕೆಂದು ಎರಡು ಕಟ್ಟಿದರು, ಮೂರನೆಯದು ಅರ್ಧಕ್ಕೇ ನಿಂತಿತು. ಆ ವಿಮಾನವನ್ನು ಸೇನೆ ಒಪ್ಪಲಿಲ್ಲ.

ತಗಡು ಜೋಡಿಸುವ ರಿವೆಟ್ ಮೊಳೆಗಳ ಸಾಲು ಮುಗಿದ ಮೇಲೆ ಕಣ್ಣು ಮುಚ್ಚಿ ಉಗುರಿನಿಂದ ಸವರಿ ನೋಡುವುದು ಅವರ ಪದ್ಧತಿ. ಉಗುರು ಎಲ್ಲೂ ತಡೆಯಬಾರದು. "ಗಾಳಿಗೆ ಕಣ್ಣಿಲ್ಲ ಕಣೋ, ಅದು ಮುಟ್ಟಿ ನೋಡ್ತದೆ" ಎನ್ನುತ್ತಿದ್ದರು. ಈ ಚಟ ಮನೆಗೂ ಬಂದು, ಒಬ್ಬಟ್ಟಿನ ಅಂಚನ್ನೂ ಸವರಿ ದೊಡ್ಡಮ್ಮನಿಂದ ಬೈಸಿಕೊಳ್ಳುತ್ತಿದ್ದರು. ರಾಗಿ ಡಬ್ಬವೂ ಅದೇ ಕೈಯದು. ಇಲಿಗಳಿಗೆ ಅದನ್ನು ಹತ್ತಲು ಆಗುತ್ತಿರಲಿಲ್ಲ.

ಆಗಷ್ಟೇ ಡಿಪ್ಲೊಮಾ ಮುಗಿಸಿ ಸೋಂಪುರದ ಕಾರ್ಖಾನೆಯೊಂದರಲ್ಲಿ ಕೆಲಸಕ್ಕೆ ಸೇರಿದ್ದ ನಾನು, ಲೋಕದ ವಿದ್ಯೆಯೆಲ್ಲ ನನ್ನ ಜೇಬಿನಲ್ಲಿದೆ ಎಂದುಕೊಂಡಿದ್ದೆ. ಒಂದು ದಿನ ಊಟಕ್ಕೆ ಕೂತಾಗ ಕೇಳಿಯೇಬಿಟ್ಟೆ: "ಸೇನೆ ಬೇಡ ಅಂದ ವಿಮಾನಕ್ಕೆ ಇಷ್ಟು ವರ್ಷ ಉಗುರು ಸವೆಸಿದ್ರಲ್ಲ ದೊಡ್ಡಪ್ಪ, ಬಂದಿದ್ದೇನು?"

ಮುದ್ದೆ ಮುರಿಯುತ್ತಿದ್ದ ಅವರ ಕೈ ನಿಂತಿತು. "ಹಾರ್ತು ಕಣಪ್ಪಾ, ನಾನೇ ನೋಡಿದೀನಿ. ನಿಲ್ಸಿ ಅಂತ ಆರ್ಡರ್ ಬಂದಾಗ ಮೂರನೇದರ ರೆಕ್ಕೇಲಿ ಒಂದು ಸಾಲು ಅರ್ಧ ಆಗಿತ್ತು. ಮುಗಿಸ್ಬಿಟ್ಟೇ ಎದ್ದೆ."

"ಯಾಕೆ?"

"ಅರ್ಧಕ್ಕೆ ಬಿಟ್ಟು ಕೈ ತೊಳ್ಕೊಳ್ಳೋಕೆ ಆಗ್ಲಿಲ್ಲ."

ನಾನು ನಕ್ಕೆ. ಆ ನಗುವಿಗೆ ಇಂದಿಗೂ ನಾಚಿಕೆಯಾಗುತ್ತದೆ.

ನಿಜ ಹೇಳಬೇಕೆಂದರೆ, ಭಾನುವಾರ ನಾನು ಮನೆ ಖಾಲಿ ಮಾಡಲು ಹೊರಟದ್ದೇ ಸಿಟ್ಟಿಗೆ. ಕೆಲಸದ ಷೆಡ್ಡಿನಲ್ಲಿ ಎರಡು ವರ್ಷ ಕೂತು ಮಾಡಿದ ಬ್ಯಾಟರಿ ಪೆಟ್ಟಿಗೆಯ ಮಾದರಿಯನ್ನು ಶುಕ್ರವಾರ ಗಿರಾಕಿ ಬೇಡವೆಂದಿದ್ದ. ಸೋಮವಾರ ಅದನ್ನೂ ಗುಜರಿಗೆ ಎಸೆಯುವುದೆಂದು ತೀರ್ಮಾನಿಸಿದ್ದೆ.

ರಾಗಿ ಡಬ್ಬವನ್ನು ಒಳಗಿಡಿಸಿ ಗುಜರಿಯವನನ್ನು ಕಳಿಸಿದೆ. ಸೋಮವಾರ ಷೆಡ್ಡಿನಲ್ಲಿ ಯಾರೂ ಇಲ್ಲದ ಹೊತ್ತು ನೋಡಿಕೊಂಡು, ನನ್ನ ಪೆಟ್ಟಿಗೆಯ ಅಂಚನ್ನು ಕಣ್ಣು ಮುಚ್ಚಿ ಸವರಿದೆ. ಎಡಗಡೆಯ ಮೂಲೆಯಲ್ಲಿ ಉಗುರು ತಡೆಯಿತು. ಅರ ಹುಡುಕಿ ತಂದು ಉಜ್ಜಲು ಕೂತೆ.