ಐದನೆಯ ಪಂಚ

ನಿಪ್ಪಾಣಿ ದಾಟಿ ಹೈವೇ ಹಿಡಿದು ಸ್ವಲ್ಪ ದೂರ ಹೋದರೆ ಒಂದು ಪಾರ್ಕು ಸಿಗುತ್ತದೆ. ಹೆಸರು ಹೇಳುವುದಿಲ್ಲ. ಹೇಳಿದರೆ ಅವರಿಗೆ ಪುಕ್ಕಟೆ ಜಾಹೀರಾತು, ನನಗೆ ಪುಕ್ಕಟೆ ತಂಟೆ. ಅಲ್ಲಿ ಟಿಕೆಟ್ ಕೊಡುವ ಕೋಣೆಯೊಳಗೆ ಒಮ್ಮೆ ಇಣುಕಿ ನೋಡಿ. ಗೋಡೆಯ ಮೇಲೆ ನನ್ನ ಫೋಟೊ ಇದೆ. ತಲೆಗೆ ರುಮಾಲು, ಹುರಿ ಮಾಡಿದ ಮೀಸೆ, ಹಣೆಯ ತುಂಬ ಕುಂಕುಮ, ಮುಖದಲ್ಲಿ ಸಾಕ್ಷಾತ್ ದೇವರ ಕಳೆ. ಪಾರ್ಕಿನ ಮಾಲಕನ ಫೋಟೊ ಸಹ ಅಲ್ಲಿಲ್ಲ. ಕೆಳಗೆ, ‘ಈ ಮನುಷ್ಯನನ್ನು ಒಳಗೆ ಬಿಡಬಾರದು’ ಎಂದು ಕನ್ನಡದಲ್ಲೂ ಮರಾಠಿಯಲ್ಲೂ ಬರೆದಿದ್ದಾರೆ. ಎರಡೆರಡು ಭಾಷೆಯಲ್ಲಿ ಇಂಥ ಮರ್ಯಾದೆ ಪಡೆದವರು ಕೃಷ್ಣಾ ನದಿಯಾಚೆಯ ನಮ್ಮ ಅನಂತಪುರದಲ್ಲಿ ಇನ್ನೊಬ್ಬರಿದ್ದರೆ ಬಂದು ತೋರಿಸಲಿ, ಅವರ ಕಾಲಿಗೆ ಬೀಳುತ್ತೇನೆ.

ಆಡು ಮುಟ್ಟದ ಸೊಪ್ಪಿಲ್ಲ, ನಾನು ದಾಟದ ಹಗ್ಗವಿಲ್ಲ. ನೌಕರಿಯ ತುಂಬ ಬಸ್ಸಿನಲ್ಲಿ ಕಂಡಕ್ಟರನಾಗಿ, ‘ಬಾಗಿಲಾಗ ನಿಂದರಬ್ಯಾಡ್ರಿ, ಒಳಗ ಸರೀರಿ’ ಎಂದು ಮಂದಿಗೆ ಹೇಳಿ ಹೇಳಿ ಗಂಟಲು ಹರಿದುಕೊಂಡವನು. ನಿವೃತ್ತಿಯಾದ ಮೇಲೆ ಆ ಶಿಸ್ತೆಲ್ಲ ತಿರುಗಿ ನಿಂತಿತೇನೋ, ‘ಪ್ರವೇಶವಿಲ್ಲ’ ಎಂಬ ಬೋರ್ಡು ಕಂಡರೆ ಅಂಗಾಲು ತುರಿಸತೊಡಗಿತು. ಹಾಗೆಂದು ನಾನು ಪುಂಡನಲ್ಲ. ಗರ್ಭಗುಡಿಗೆ ಹೊಸ್ತಿಲಿದೆ, ಹೊಲಕ್ಕೆ ಬದುವಿದೆ, ಅಡುಗೆಮನೆಗೆ ಹೆಂಡತಿಯಿದ್ದಾಳೆ. ಈ ಮೂರನ್ನೂ ನಾನು ಕೇಳದೆ ದಾಟಿದವನಲ್ಲ. ಮೊದಲೆರಡರ ಮೇಲೆ ಭಕ್ತಿ, ಮೂರನೆಯದರ ಮೇಲೆ ಭಯ. ಆದರೆ ಪಾರ್ಕಿನಲ್ಲಿ ಕಟ್ಟುತ್ತಾರಲ್ಲ, ಬಣ್ಣದ ಪ್ಲಾಸ್ಟಿಕ್ ಹಗ್ಗ, ಅದಕ್ಕೆ ಒಂದು ಆಡಿನ ಮರಿಯನ್ನು ಕಟ್ಟಿದರೂ ನಿಲ್ಲುವುದಿಲ್ಲ. ಅದು ನನ್ನನ್ನು ನಿಲ್ಲಿಸುತ್ತದೆಯೇ?

ಹಗ್ಗದಾಚೆ ಏನಿರುತ್ತದೆ ಎಂದು ಕೇಳುತ್ತೀರಿ. ಹೇಳುತ್ತೇನೆ, ಅದಕ್ಕಾಗಿಯೇ ಅಲ್ಲವೇ ದಾಟಿದ್ದು. ಒಂದು ವಾಟರ್ ಪಾರ್ಕಿನ ಜಲಪಾತದ ಹಿಂದೆ ಹೋಗಿದ್ದೆ. ಮುಂದೆ ಮಂದಿ ಕೈ ಚಾಚಿ, ‘ಆಹಾ ನಿಸರ್ಗ’ ಎಂದು ನೆನೆಯುತ್ತಿದ್ದರು. ಹಿಂದೆ ಒಂದು ಪಂಪ್‌ಸೆಟ್ಟು, ನಮ್ಮ ಬಾವಿಯ ಪಂಪಿನದೇ ತಮ್ಮ, ಅದೇ ಧಡಧಡ, ಅದೇ ಎಣ್ಣೆ ಸೋರುವ ಚಟ. ಇನ್ನೊಂದು ಕಡೆ ಭೂತಬಂಗಲೆಯ ಹಿಂಬಾಗಿಲಿನಿಂದ ಹೊಕ್ಕರೆ, ಭೂತಗಳೆರಡು ಮುಖವಾಡವನ್ನು ನೆತ್ತಿಗೇರಿಸಿಕೊಂಡು ಊಟಕ್ಕೆ ಕುಳಿತಿದ್ದವು. ನನ್ನನ್ನು ಕಂಡು ಅವೇ ಬೆಚ್ಚಿಬಿದ್ದವು. ಆಮೇಲೆ, ‘ಬರ್ರಿ ಕಾಕಾ, ಊಟಾ ಮಾಡ್ರಿ’ ಎಂದು ಅರ್ಧ ರೊಟ್ಟಿ, ಮೇಲೊಂದಿಷ್ಟು ಕಡಲೆಹಿಟ್ಟಿನ ಝುಣಕ ಕೊಟ್ಟವು. ಮನುಷ್ಯರ ಮನೆಯ ರೊಟ್ಟಿಗಿಂತ ಭೂತದ ಮನೆಯ ರೊಟ್ಟಿ ಮೆತ್ತಗಿರುತ್ತದೆ ಎಂಬುದು ನನ್ನ ಸಂಶೋಧನೆ. ಇದನ್ನು ಕಾಶವ್ವನ ಮುಂದೆ ಹೇಳಿ ಎರಡು ದಿನ ತಣ್ಣನೆಯ ರೊಟ್ಟಿ ತಿಂದಿದ್ದೇನೆ. ಕಾಶವ್ವ ನನ್ನ ಹೆಂಡತಿ.

ಈಗ ಫೋಟೊದ ಕಥೆ. ಹತ್ತು ವರ್ಷದ ಹಿಂದೆ ನಮ್ಮ ಓಣಿಯ ಹೆಂಗಸರು ಒಂದು ಟೆಂಪೊ ಮಾಡಿಕೊಂಡು ಆ ಪಾರ್ಕಿಗೆ ಹೊರಟರು. ನನ್ನನ್ನು ಮನೆಯಲ್ಲಿ ಒಬ್ಬನನ್ನೇ ಬಿಟ್ಟರೆ ಏನು ಮಾಡಿಟ್ಟಿರುತ್ತೇನೋ ಎಂಬ ಭಯಕ್ಕೆ ಕಾಶವ್ವ ನನ್ನನ್ನೂ ಟೆಂಪೊಕ್ಕೆ ಹೇರಿದಳು. ಒಳಗೆ ಹೋದದ್ದೇ ಆಕೆಯ ಕಣ್ಣು ಆಕಾಶದೆತ್ತರಕ್ಕೆ ತಿರುಗುವ ತೊಟ್ಟಿಲ ಮೇಲೆ ಬಿತ್ತು.

“ನಾ ತೊಟ್ಟಲಾ ಹತ್ತಾಕ ಪಾಳೇಕ ನಿಂದರತೀನಿ. ನೀವು ಇಲ್ಲೇ ಕಲ್ಲಾಗಿ ಕುಂಡ್ರಬೇಕು. ಮಿಸುಕ್ಯಾಡಿದ್ರ ನೋಡ್ರಿ ಮತ್ತ!” ಎಂದಳು.

ಹೆಂಡತಿಯ ಅಪ್ಪಣೆ. ಮೀರಲಾದೀತೇ?

ಆ ಪಾರ್ಕಿನ ಒಂದು ಮೂಲೆಯಲ್ಲಿ ಸಿಮೆಂಟಿನ ಹಳ್ಳಿ ಕಟ್ಟಿದ್ದಾರೆ. ಸಿಮೆಂಟಿನ ಎತ್ತು, ಸಿಮೆಂಟಿನ ಕಮ್ಮಾರ, ಸಿಮೆಂಟಿನ ಬೀಸುವ ಕಲ್ಲಿನ ಮುಂದೆ ಸಿಮೆಂಟಿನ ಸೊಸೆ. ಬೆಳಿಗ್ಗೆ ಖರೇ ಎಮ್ಮೆಯ ಸಗಣಿ ಬಳಿದು ಬಂದ ಮಂದಿ ಮಧ್ಯಾಹ್ನ ಟಿಕೆಟ್ ತೆಗೆದು ಸಿಮೆಂಟಿನ ಎಮ್ಮೆ ನೋಡಿ, ‘ಏನ್ ಮಸ್ತ್ ಮಾಡ್ಯಾರ!’ ಎನ್ನುತ್ತಾರೆ. ಈ ಹಳ್ಳಿಯ ನಡುವೆ ಆಲದ ಮರ, ಮರದ ಕೆಳಗೆ ಕಟ್ಟೆ, ಕಟ್ಟೆಯ ಮೇಲೆ ನ್ಯಾಯ ಹೇಳುವ ಪಂಚರು. ಐವರಿರಬೇಕು, ಅಂದು ನಾಲ್ವರೇ ಇದ್ದರು. ಐದನೆಯವನ ಕೈಗೆ ಯಾರೋ ಜೋತುಬಿದ್ದು ಮುರಿದಿದ್ದರಂತೆ, ರಿಪೇರಿಗೆ ಒಯ್ದಿದ್ದರು. ಖಾಲಿ ಜಾಗ. ಉಳಿದ ನಾಲ್ವರಿಗೂ ನನ್ನಂಥದೇ ಧೋತರ, ನನ್ನಂಥದೇ ರುಮಾಲು. ಕಟ್ಟೆಯ ಸುತ್ತ ಅದೇ ಪ್ಲಾಸ್ಟಿಕ್ ಹಗ್ಗ. ಇನ್ನು ನಾನು ಏನು ಮಾಡಬೇಕಿತ್ತು, ನೀವೇ ಹೇಳಿ.

ಅತ್ತಿತ್ತ ನೋಡಿ ಹಗ್ಗ ದಾಟಿದೆ. ಕುಳಿತೆ. ಮೊಣಕಾಲ ಮೇಲೆ ಕೈ, ನೋಟ ದೂರಕ್ಕೆ, ಉಸಿರು ಹೊಟ್ಟೆಯ ತಳಕ್ಕೆ. ಕಲ್ಲಾದೆ.

ಮಿಸುಕಾಡದೆ ಕೂಡುವುದು ಎಂಥ ತಪಸ್ಸೆಂಬುದು ಅಂದು ತಿಳಿಯಿತು. ನಮ್ಮ ಹಿಂದಿನ ಋಷಿಗಳ ಮೈಮೇಲೆ ಹುತ್ತ ಬೆಳೆಯುತ್ತಿತ್ತಂತೆ. ಬೆಳೆದಿರಬಹುದು, ಆದರೆ ಅವರ ಮೂಗಿನ ಮೇಲೆ ಪಾರ್ಕಿನ ಐಸ್‌ಕ್ರೀಮ್ ತಿಂದ ನೊಣ ಕುಳಿತಿರಲಿಕ್ಕಿಲ್ಲ. ಒಬ್ಬ ತಾಯಿ ತನ್ನ ಕೂಸನ್ನು ನನ್ನ ತೊಡೆಯ ಮೇಲೆ ಕೂರಿಸಿ ಫೋಟೊ ತೆಗೆದಳು. ಕೂಸು ನನ್ನ ಮೀಸೆ ಜಗ್ಗಿತು. ನಿಪ್ಪಾಣಿ ಕಡೆಯ ಒಬ್ಬ ಮರಾಠಿ ಹೆಂಗಸು, “ಅಗಬಾಯಿ, ಕಿತಿ ಖರಾ ವಾಟತೋಯ್!” ಎಂದು ನನ್ನ ಖರೇತನಕ್ಕೆ ಮೆಚ್ಚಿ, ಚೀಲದಿಂದ ಕುಂಕುಮ ತೆಗೆದು ಹಣೆಗೆ ಹಚ್ಚಿ ಕೈಮುಗಿದಳು. ಒಳಗೊಳಗೇ ಆಶೀರ್ವಾದ ಮಾಡಿದೆ. ಆದರೆ ಜಂಬ ಬಹಳ ಹೊತ್ತು ನಿಲ್ಲಲಿಲ್ಲ. ಹಿಂದೆಯೇ ಬಂದ ಒಬ್ಬ ನನ್ನನ್ನೂ ನಾಲ್ವರನ್ನೂ ಅಳೆದು ನೋಡಿ ತನ್ನ ಗೆಳೆಯನಿಗೆ ಹೇಳಿದ, “ನಾಕು ಬರೋಬ್ಬರಿ ಅದಾವ. ಇದೊಂದು ಕೆಡಸ್ಯಾರ ನೋಡೋ. ಮೂಗು ಎಟ್ಟ್ ದಪ್ಪ ಇಟ್ಟಾರ! ಸಿಮೆಂಟ್ ಉಳದಿತ್ತೇನೊ.” ಹುಟ್ಟಿಸಿದವನ ಕೆಲಸವನ್ನು ಎದುರಿಗೇ ಹೀಗೆ ಬಯ್ದರೂ ತುಟಿ ಬಿಚ್ಚಲಿಲ್ಲ. ನನ್ನ ಸಂಯಮ ಅಂಥದ್ದು.

ಆಗ ಆ ಜೋಡಿ ಬಂತು. ಮದುವೆಯಾಗಿ ಒಂದೆರಡು ವರ್ಷವಾಗಿರಬೇಕು. ಅವನು ಕೈಯಲ್ಲಿ ಮೋಟರ್ ಸೈಕಲ್ಲಿನ ಚಾವಿ ತಿರುಗಿಸುತ್ತಿದ್ದ, ಅವಳು ಎರಡು ಮಾರು ದೂರ ನಿಂತಿದ್ದಳು. ಅವನ ಹೆಸರು ಬಾಳು, ಅವಳದು ಸುರೇಖಾ ಎಂಬುದೂ, ಮರುದಿನ ಅವಳ ತವರಿನಲ್ಲಿ ಹಿರಿಯರು ಕೂಡುವವರಿದ್ದಾರೆ, ಅವಳು ಗಂಡನ ಮನೆಗೆ ಹೋಗಬೇಕೋ ಬೇಡವೋ ಎಂದು ತೀರ್ಮಾನ ಮಾಡುತ್ತಾರೆ ಎಂಬುದೂ ನಾಲ್ಕು ಮಾತಿನಲ್ಲಿ ತಿಳಿಯಿತು. ಅದಕ್ಕೂ ಮೊದಲು ಸಮಾಧಾನ ಮಾಡೋಣವೆಂದು ಬಾಳು ಅವಳನ್ನು ತವರಿನಿಂದ ಇಲ್ಲಿಗೆ ಕರೆತಂದಿದ್ದ.

“ನಾಳೆ ಹಿರೇರ ಮುಂದ ಏನ್ ಹೇಳಾಕಿ? ಇಲ್ಲೇ ಹೇಳಿ ತೋರ್ಸು. ಇವ್ರೂ ಪಂಚರಽ ಅದಾರ,” ಎಂದ ಚೇಷ್ಟೆಗೆ.

ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿ ನಮ್ಮ ಮುಂದೆ ನಿಂತೇಬಿಟ್ಟಳು. “ಕೇಳ್ರಿ ಹಿರೇರ. ನನಗ ತವರಾಗ ಕೊಟ್ಟ ಎಮ್ಮಿ, ಗಂಗಿ ಅಂತ ಹೆಸರು. ನಾ ಹಬ್ಬಕ್ಕ ತವರಿಗೆ ಹೋಗಿದ್ದೆ. ಬಂದು ನೋಡಿದ್ರ ಗಂಗಿ ಇಲ್ಲ, ಕೊಟಗ್ಯಾಗ ಮೋಟರ್ ಸೈಕಲ್ ನಿಂತಿತ್ತು. ಚಿಕ್ಕೋಡಿ ಕಡೆ ಹಾಲು ಮಾರೂ ಗೌಳಿಗೆ ಎಮ್ಮಿ ಕೊಟ್ಟು ಅವನ ಹಳೇ ಗಾಡಿ ತಂದಾರಿವ್ರು!”

“ನಿನ್ನ ತವರಿಗೆ ಕರಕೊಂಡು ಹೋಗಾಕಽ ತಂದದ್ದದು.”

“ಈಗ ತವರಾಗಽ ಅದೀನಲ್ಲ, ಆತಲ್ಲ ನಿಮ್ಮ ಆಸೆ?”

ಬಾಳು ನಮ್ಮತ್ತ ತಿರುಗಿದ. “ಇಕಿ ಏನ್ ಮಾಡಿದ್ಲು ಕೇಳ್ರಿ. ಗಾಡಿ ಮುಂದ ಒಂದು ಸಿವುಡು ಕಣಕಿ ಮೇವು ಹಾಕಿ, ಕೆಳಗ ಚರಿಗಿ ಇಟ್ಟು, ‘ಹಿಂಡ್ರಿ ಹಾಲು’ ಅಂದು ಚೀಲಾ ತಗೊಂಡು ಹೋದ್ಲು!”

ಈ ಹಂತದಲ್ಲಿ ನಗು ತಡೆಯುವುದು ಮನುಷ್ಯಮಾತ್ರದವನಿಂದ ಆಗುತ್ತಿರಲಿಲ್ಲ. ನನ್ನಿಂದ ಆಯಿತು. ಹೊಟ್ಟೆಯೊಂದು ಕುಲುಕಿತು, ಅಷ್ಟೇ.

ಅವಳೂ ನಕ್ಕಳು. ಆಮೇಲೆ ಸಣ್ಣ ದನಿಯಲ್ಲಿ, “ಎಮ್ಮಿ ಅಲ್ಲರಿ ಮಾತು. ಒಂದು ಮಾತು ಕೇಳಿದ್ದರ ನಾನಽ ಹಗ್ಗಾ ಬಿಚ್ಚಿ ನಿಮ್ಮ ಕೈಯಾಗ ಕೊಡ್ತಿದ್ದೆ. ಕೇಳಲಿಲ್ಲಲ್ಲ. ನಾಳೆ ಇದನ್ನ ಹೆಂಗ ಹೇಳಲಿ? ಅವರು ಎಮ್ಮಿ ರೇಟ್ ಮಾತಾಡ್ತಾರ, ಗಾಡಿ ರೇಟ್ ಮಾತಾಡ್ತಾರ, ಚಾ ಕುಡದು ಏಳ್ತಾರ,” ಎಂದಳು.

ಚಾವಿ ತಿರುಗುವುದು ನಿಂತಿತು. ಬಾಳು ಅವಳ ಮುಖ ನೋಡಲಾರದೆ ನಮ್ಮ ಐದೂ ಮುಖ ನೋಡಿದ. ಕೈಮುಗಿದ. ಅರ್ಧ ಚೇಷ್ಟೆ, ಅರ್ಧ ಅಲ್ಲ. “ಹೇಳ್ರೆಪಾ ಹಿರೇರ. ನಾ ಈಗ ಏನ್ ಮಾಡ್ಲಿ?”

ನಿಮಗೆ ಗೊತ್ತಿರಲಿ, ಊರಿನಲ್ಲಿ ನನ್ನನ್ನು ಯಾರೂ ನ್ಯಾಯಕ್ಕೆ ಕರೆಯುವುದಿಲ್ಲ. ಕೇಳದೆ ನೂರು ಸಲಹೆ ಕೊಟ್ಟಿದ್ದೇನೆ, ಕೇಳಿ ತೆಗೆದುಕೊಂಡವರು ಒಬ್ಬರಿಲ್ಲ. ಇಲ್ಲೊಬ್ಬ ಕೈಮುಗಿದು ಕೇಳುತ್ತಿದ್ದಾನೆ. ಪಕ್ಕದ ನಾಲ್ವರೂ ಬಾಯಿ ಬಿಡುವ ಲಕ್ಷಣವಿಲ್ಲ.

“ಗಾಡಿ ಕೊಟ್ಟು ಎಮ್ಮಿ ತಗೊಂಡ್ ಬಾರಲೇ!” ಎಂದೆ.

ಕಂಡಕ್ಟರನ ಗಂಟಲು. ಪಾರ್ಕಿನ ಅರ್ಧಕ್ಕೆ ಕೇಳಿಸಿತು. ಬಾಳು, “ತಪ್ಪಾತ್ರೆಪಾ!” ಎಂದು ನಿಂತಲ್ಲೇ ಉದ್ದುದ್ದ ಅಡ್ಡಬಿದ್ದ. ಸುರೇಖಾ ಕಿಟಾರನೆ ಚೀರಿದಳು. ಹಿಂದಿದ್ದ ಮಂದಿ ಚಪ್ಪಲಿ ಬಿಟ್ಟು ಓಡಿದರು. ಕುಂಕುಮ ಹಚ್ಚಿದ್ದ ಹೆಂಗಸು ಮಾತ್ರ ತಿರುಗಿ ಬಂದು, ಉಳಿದ ನಾಲ್ವರ ಮುಂದೆಯೂ ಕೈಮುಗಿದು, ಇವರೂ ಏನಾದರೂ ಹೇಳಿಯಾರೆಂದು ಕಾಯುತ್ತ ನಿಂತಳು. ನನ್ನ ಮೂಗನ್ನು ಬಯ್ದಿದ್ದವನ ಮುಖ ನೋಡಬೇಕಿತ್ತು ನೀವು!

ವಾಚ್‌ಮನ್ ಬಡಿಗೆ ಹಿಡಿದು ಓಡಿ ಬಂದ. “ಓ ಆಜೋಬಾ, ಉಠಾ ಉಠಾ! ಏಳ್ರಿ ಮೊದ್ಲ!” ಎಂದ. ಏಳಲಾಗಲಿಲ್ಲ. ಎರಡೂ ಕಾಲು ಜೋಮು ಹಿಡಿದು ಖರೇ ಸಿಮೆಂಟೇ ಆಗಿದ್ದವು. ಕೊನೆಗೆ ವಾಚ್‌ಮನ್ನೂ ಬಾಳುವೂ ಸೇರಿ, ರಿಪೇರಿಗೆ ಒಯ್ಯುವ ಮೂರ್ತಿಯಂತೆ ನನ್ನನ್ನು ಎತ್ತಿ ಆಫೀಸಿಗೆ ಒಯ್ದರು.

ಮ್ಯಾನೇಜರ್ ಪಾಪ, ಟೈ ಕಟ್ಟಿದ ಚಿಕ್ಕ ವಯಸ್ಸಿನವ. ಅಳುವುದೊಂದು ಬಾಕಿ. “ನೀವು ಮಾತಾಡಿದ್ದರಿಂದ ಏನಾಗೇತಿ ಗೊತ್ತೇನ್ರಿ? ಮಂದಿ ಎಲ್ಲಾ ಮೂರ್ತಿಗೂ ಚಿವುಟಿ ನೋಡಾಕತ್ತಾರ. ಕಮ್ಮಾರಗ ಛತ್ರಿಲೆ ತಿವದು ಬಣ್ಣಾ ಕಿತ್ತಾರ. ನಿಮ್ಮ ಟೆಂಪೊದವ್ರನ್ನೆಲ್ಲಾ ಈಗಿಂದೀಗ ಹೊರಗ ಹಾಕ್ತೀನಿ!”

ಅಷ್ಟರಲ್ಲಿ ಸುದ್ದಿ ತಿಳಿದು ಕಾಶವ್ವ ಬಂದಳು. ಗಂಡನ ಪರವಾಗಿ ಎಂಥ ಮಾತಾಡುತ್ತಾಳೋ ಎಂದು ಎದೆಯುಬ್ಬಿಸಿ ಕುಳಿತೆ.

“ಇವ್ರನ್ನ ಹಾಕ್ರಿ ಹೊರಗ,” ಎಂದಳು. “ಬೇಕಾದ್ರ ಕಟ್ಟಿ ಹಾಕ್ರಿ. ನಾವ್ಯಾಕ ಹೋಗಬೇಕು? ನನ್ನ ಪಾಳಿ ಇನ್ನೂ ಬಂದಿಲ್ಲ.” ಎಂದವಳೇ ತೊಟ್ಟಿಲ ಕಡೆ ಓಡಿದಳು.

ಹೀಗೆ ನನ್ನೊಬ್ಬನ ಫೋಟೊ ತೆಗೆದು ನನ್ನೊಬ್ಬನನ್ನೇ ಗೇಟಿನ ಹೊರಗೆ ಕೂರಿಸಿದರು. ಕುಂಕುಮ ಒರೆಸಿಕೊಳ್ಳಲೂ ಬಿಡಲಿಲ್ಲ. ಸ್ವಲ್ಪ ಹೊತ್ತಿಗೆ ಬಾಳು, ಸುರೇಖಾ ಹೊರಬಂದರು. ಬಾಳುಗೆ ನಾಚಿಕೆ. ಗಾಡಿಯ ಹತ್ತಿರ ಹೋಗಿ, ಕರವಸ್ತ್ರದಿಂದ ಅದರ ಪೆಟ್ರೋಲ್ ಟಾಕಿ ಒರೆಸಿದ, ಕನ್ನಡಿ ಒರೆಸಿದ, ಮತ್ತೆ ಟಾಕಿ ಒರೆಸಿದ. ಕೂಸಿನ ಮೈ ಒರೆಸಿದ ಹಾಗೆ. ಇವನು ಗಾಡಿ ಬಿಟ್ಟುಕೊಡುವ ಪೈಕಿಯವನಲ್ಲ ಎನಿಸಿತು ನನಗೆ.

ಸುರೇಖಾ ನನ್ನ ಹತ್ತಿರ ಬಂದು ಕೇಳಿದಳು, “ಅಜ್ಜಾ, ನಾಳೆ ನಮ್ಮ ಮನಿಗೆ ಬರ್ತೀ? ಹಿರೇರ ಸಾಲಿನ್ಯಾಗ ನೀನೂ ಕುಂಡ್ರು.”

“ಬ್ಯಾಡವಾ. ನಾಳೆ ನಾ ಖರೇ ಮನಶ್ಯಾ ಆಗಿ ಬರಬೇಕು. ಹಂಗ ಬಂದ್ರ ನಿನ್ನ ಮಾತು ಪೂರಾ ಕೇಳೂಮಟಾ ನಾ ಸುಮ್ಮನಿರಾಂವ ಅಲ್ಲ,” ಎಂದೆ. ಅದು ನಿಜವಾಗಿತ್ತು.

ಅವಳು ಗಾಡಿ ಹತ್ತಿದಳು. ಎಲ್ಲಿಗೆ ಎಂದು ಹೇಳದೆ ಇಬ್ಬರೂ ಹೋದರು. ನನಗೆ ಅಂದಿನ ಮಧ್ಯಾಹ್ನ ಕಳೆಯುವುದು ಕಷ್ಟವಾಯಿತು. ಒಬ್ಬ ಹೆಣ್ಣುಮಗಳ ಸಂಸಾರದೊಳಗೆ ಹಗ್ಗ ದಾಟಿ ಹೋಗಿ ಕಿರುಚಿ ಬಂದಿದ್ದೆ. ಪಾರ್ಕಿನವರು ಹೊರಗೆ ಹಾಕಬಹುದು, ಆದರೆ ಆ ಯೋಚನೆಯಿಂದ ನನ್ನನ್ನು ಹೊರಗೆ ಹಾಕುವವರು ಯಾರು?

ಸಂಜೆ ಟೆಂಪೊ ಹೊರಟಿತು. ಆಕಾಶ ನೋಡಿ ಬಂದ ಕಾಶವ್ವ ಯಾರ ಜೊತೆಯೂ ಭೂಮಿಯ ಮಾತು ಆಡುತ್ತಿರಲಿಲ್ಲ. ಚಿಕ್ಕೋಡಿ ದಾಟಿ ಕೃಷ್ಣಾ ಸೇತುವೆಯ ಕಡೆ ಹೋಗುವಾಗ ಡ್ರೈವರ್ ಬ್ರೇಕು ಹಾಕಿದ. ರಸ್ತೆಯ ನಟ್ಟನಡುವೆ ಒಂದು ಎಮ್ಮೆ, ರಸ್ತೆ ತನ್ನ ಹೆಸರಿಗೇ ಇದೆ ಎಂಬ ಗತ್ತಿನಲ್ಲಿ ಹೊರಟಿತ್ತು. ಹಗ್ಗ ಹಿಡಿದು ಮುಂದೆ ಬಾಳು. ಗಾಡಿಯಿಲ್ಲ. ಕೈಯಲ್ಲಿ ಚಪ್ಪಲಿ ಹಿಡಿದುಕೊಂಡು ಪಕ್ಕದಲ್ಲಿ ಸುರೇಖಾ.

ನಾನು ಕಿಟಕಿಯಿಂದ ಅರ್ಧ ಮೈ ಹೊರಹಾಕಿ ಕೂಗಬೇಕೆನ್ನುವಷ್ಟರಲ್ಲಿ ಕಾಶವ್ವ ಧೋತರದ ಚುಂಗು ಹಿಡಿದು ಜಗ್ಗಿ ಕೂರಿಸಿದಳು. ಡ್ರೈವರ್ ಹಾರ್ನ್ ಹೊಡೆದ. ಬಾಳು ಗಾಬರಿಯಾಗಿ ಹಗ್ಗ ಎಳೆಯಲು ಹೋದವನು, ನಿಂತ. ತಿರುಗಿ ಸುರೇಖಾಳನ್ನು ಏನೋ ಕೇಳಿದ. ನಮಗೆ ಕೇಳಿಸಲಿಲ್ಲ. ಎಡಕ್ಕೋ ಬಲಕ್ಕೋ ಎಂದಿರಬೇಕು. ಅವಳು ಒಂದು ಗಳಿಗೆ ಅವನ ಮುಖವನ್ನೇ ನೋಡಿ, ಬಹಳ ದೊಡ್ಡ ನ್ಯಾಯ ಹೇಳುವವರಂತೆ ಯೋಚಿಸಿ, ಎಡಗಡೆ ಕೈ ತೋರಿಸಿದಳು. ಅವನು ಎಡಕ್ಕೆ ಎಳೆದ.

ಗಂಗಿ ಇಬ್ಬರನ್ನೂ ಕೇಳಲಿಲ್ಲ. ಬಲಕ್ಕೆ ತಿರುಗಿ, ಮುಳ್ಳುಬೇಲಿಯನ್ನು ಎದೆಯಿಂದ ತಳ್ಳಿ, ಯಾರದೋ ಕಬ್ಬಿನ ಹೊಲಕ್ಕೆ ನುಗ್ಗಿತು. ಹಗ್ಗ ಬಿಡದ ಬಾಳು ಅದರ ಹಿಂದೆ, ಹೊಟ್ಟೆ ಹಿಡಿದು ನಗುತ್ತ ಸುರೇಖಾ ಅವನ ಹಿಂದೆ. ಕಬ್ಬಿನ ತುದಿಯ ಸೂಲಂಗಿಗಳು ಅಲುಗಾಡುತ್ತ ಅಲುಗಾಡುತ್ತ ಒಳಗೊಳಗೆ ದೂರವಾದವು.

“ನೋಡ್ರಿ,” ಎಂದಳು ಕಾಶವ್ವ, ಧೋತರದ ಚುಂಗು ಬಿಡದೆ, “ನಿಮ್ಮ ಬಳಗ ಹೊಂಟೈತಿ.”

ಕೇಳದೆ ಒಳಗೆ ನುಗ್ಗುವುದು ಎಮ್ಮೆಗೆ ಒಪ್ಪುತ್ತದೆ, ನನಗೂ ಒಪ್ಪುತ್ತದೆ. ಗಂಡನಾದವನಿಗೆ ಒಪ್ಪುವುದಿಲ್ಲ. ನಾನು ಎರಡೂ ಆಗಿರುವುದರಿಂದ, ಕಾಶವ್ವನ ಕಡೆ ತಿರುಗಿ ಮೆಲ್ಲಗೆ ಕೇಳಿದೆ, “ಇಳದು ಬೇಲಿಯೊಳಗ ಒಂದೀಟು ನೋಡಿ ಬರ್ಲೇನ?”

“ಹೋಗ್ರಿ,” ಎಂದಳು. “ಎರಡು ಕಬ್ಬು ಮುರಕೊಂಡು ಬರ್ರಿ.”