ಯಾರ ಬಗ್ಗೆಯೂ ಕೆಟ್ಟದ್ದು ಹೇಳದ ಸಫೂರಾ ಖಾಲಾ

ಕುಡಿದು ಬಂದ ಕೇರಿಯ ಕುಷ್ಟ ಎಂಬವನು ಸಫೂರಾ ಖಾಲಾರ ಬಸಳೆ ಚಪ್ಪರದ ಮೇಲೆ ಬಿದ್ದು ಚಪ್ಪರವನ್ನು ಪೂರಾ ನೆಲಸಮ ಮಾಡಿದ ದಿನ ಖಾಲಾ ಹೇಳಿದ್ದು ಇಷ್ಟೇ: “ಪಾಪ, ಬೀಳು ಹೊತ್ತಿಗೂ ಅವ್ನ್ ಬಾಯಲ್ ಒಂದ್ ಕೆಟ್ಟ್ ಮಾತ್ ಬರ್ಲಿಲ್ಲೆ ಕಾಣ್.”

ಜೊತೆಗೆ ಕೂತು ಬೀಡಿ ಕಟ್ಟುತ್ತಿದ್ದ ಚಂದ್ರಮತಿ ನಗು ತಡೆಯಲಾಗದೆ ಗೆರಸೆ ಕೆಳಗಿಟ್ಟಳು. “ಹ್ವಾಯ್ ಬೂಬಮ್ಮ, ನಾಳೆ ಯಮ ಬಂದ್ ನಿಂತ್ರೂ ನೀವ್ ‘ಪಾಪ, ಕೋಣನ್ ಮೇಲೆ ಕೂತ್ ಕೂತ್ ಸೊಂಟ ನೋಯಿತ್ತೇನೋ’ ಅಂದ್ ಚಾ ಕೊಡ್ತ್ರಿ.”

“ನಮ್ಮಲ್ ಬಪ್ಪರಿಗೆ ಕೋಣ ಇಲ್ಲೆ ಮಾರಾಯ್ತಿ. ನಡ್ಕಂಡೇ ಬರ್ಕ್. ಅವ್ರಿಗೆ ಇನ್ನೂ ಸುಸ್ತ್.”

2003ರಲ್ಲಿ ನಾನು ಮದುವೆಯಾಗಿ ಶಿರೂರಿಗೆ ಬಂದ ಹೊಸತು ಅದು. ಪಕ್ಕದ ನಮ್ಮ ಮನೆಯ ಜಗಲಿಯಲ್ಲಿ ಕೂತು ನಾನೂ ನಕ್ಕಿದ್ದೆ. ಊರಿನ ನಮ್ಮವರಿಗೆಲ್ಲ ಅವರು ಖಾಲಾ, ಚಿಕ್ಕಮ್ಮ. ಖಾಲಾರ ಮನೆಮಾತು ಒಂದು, ನಮ್ಮದು ಇನ್ನೊಂದು. ಇಬ್ಬರಿಗೂ ಸಲೀಸಾಗಿ ಬರುತ್ತಿದ್ದದ್ದು ಕುಂದಾಪ್ರ ಕನ್ನಡ. ಖಾಲಾರ ಗಂಡ ಸತ್ತು ವರ್ಷಗಳಾಗಿದ್ದವು, ಒಬ್ಬಳೇ ಮಗಳು ಮದುವೆಯಾಗಿ ಭಟ್ಕಳದಲ್ಲಿದ್ದಳು. ಬೀಡಿ, ನಮಾಜು, ಬಸಳೆ ಚಪ್ಪರ, ಅಷ್ಟರಲ್ಲಿ ಅವರ ದಿನ ಮುಗಿಯುತ್ತಿತ್ತು. ಕೋಳಿ ಕದ್ದವನ ಮನೆಗೆ ನೆಂಟರು ಬಂದಿರಬೇಕು, ಸಲಾಮಿಗೆ ಉತ್ತರ ಕೊಡದವನಿಗೆ ಹಲ್ಲುನೋವು ಇರಬೇಕು. ಖಾಲಾರ ಲೆಕ್ಕದಲ್ಲಿ ಬೇಕೆಂದೇ ಕೆಟ್ಟದ್ದು ಮಾಡುವವರು ಊರಲ್ಲಿ ಯಾರೂ ಇರಲಿಲ್ಲ.

ಇದು ಸುಮ್ಮನೆ ಬಂದ ಗುಣವಲ್ಲ. ಅವರಿಗೊಬ್ಬ ಅಕ್ಕ ಇದ್ದಳು. ನಮ್ಮಲ್ಲಿ ಸಂಬಂಧ ಬಂದರೆ ಹೂಂ ಎನ್ನುವ ಮೊದಲು ಆ ಊರಿಗೆ ಹೋಗಿ ಅಕ್ಕಪಕ್ಕದವರಲ್ಲಿ ವಿಚಾರಿಸುತ್ತಾರೆ. ಅಕ್ಕನ ಬಗ್ಗೆ ಹಾಗೆ ವಿಚಾರಿಸಲು ಬಂದವರ ಹತ್ತಿರ ಪಕ್ಕದ ಮನೆಯ ಹೆಂಗಸೊಬ್ಬಳು, ಬಸ್ಸಿನ ಕಂಡಕ್ಟರನ ಜೊತೆ ಹುಡುಗಿ ನಗುತ್ತಾ ಮಾತಾಡುವುದನ್ನು ನೋಡಿದ್ದೇನೆ ಎಂದಳಂತೆ. ಅಕ್ಕ ಕೇಳುತ್ತಿದ್ದದ್ದು ಬಾಕಿ ಚಿಲ್ಲರೆ. ಸಂಬಂಧ ಮುರಿಯಿತು, ಮಾತು ಮಾತ್ರ ಉಳಿಯಿತು. ಮತ್ತೆ ಯಾರೂ ಕೇಳಿಕೊಂಡು ಬರಲಿಲ್ಲ.

“ಆ ಹೆಂಗ್ಸ್ ಹೇಳದ್ದ್ ಒಂದೇ ಮಾತ್,” ಎಂದಿದ್ದರು ಖಾಲಾ. “ನಮ್ಮಕ್ಕ ಅದ್ರೊಳಗೇ ಬದ್ಕಿ ಅದ್ರೊಳಗೇ ಸತ್ತಿತ್. ಯಾರಾದ್ರೂ ಕೇಂಡ್ರೆ ನಾ ಒಳ್ಳೆದೇ ಹೇಳೂದ್. ಇಲ್ದಿದ್ ಒಳ್ಳೆದ್ ಹೇಳೂದಿಲ್ಲೆ. ಇದ್ದದ್ದ್ ಹೇಳೂದ್.”

ಹಿಂದಿನಿಂದ ಆಡಿಕೊಳ್ಳುವುದು ಸತ್ತ ಸಹೋದರನ ಮಾಂಸ ತಿಂದ ಹಾಗೆ ಎಂದು ನಾವೆಲ್ಲ ಚಿಕ್ಕಂದಿನಲ್ಲೇ ಮದರಸದಲ್ಲಿ ಕಲಿತವರು. ಕಲಿತು ಮರೆಯುತ್ತೇವೆ. ಖಾಲಾ ಮರೆತಿರಲಿಲ್ಲ. ಸುಳ್ಳಾಡುವವರೂ ಅಲ್ಲ ಎಂಬುದು ಗೊತ್ತಿದ್ದರಿಂದ ಸಂಬಂಧ ವಿಚಾರಿಸಲು ಬಂದವರನ್ನು ಮಸೀದಿಯ ಹತ್ತಿರದ ಚಹಾದಂಗಡಿಯವರೂ ಅವರ ಮನೆಗೇ ಕಳಿಸುತ್ತಿದ್ದರು.

ನಮ್ಮ ಅಬ್ಬಾನನ್ನೂ ಹಾಗೆಯೇ ಕಳಿಸಿದ್ದು. ಅಬ್ಬಾ ಬ್ರಹ್ಮಾವರದಲ್ಲಿ ಟೈಲರ್. ಅಂಗಡಿಗೆ ಅರ್ಧ ದಿನ ಬಾಗಿಲು ಹಾಕಿ, ಬಸ್ಸು ಹತ್ತಿ ಶಿರೂರಿಗೆ ಹೋಗಿ, ಮೀನಿನ ಟೆಂಪೋ ಓಡಿಸುವ ಇಲ್ಯಾಸನ ಬಗ್ಗೆ ಕೇಳಿದರು. ಖಾಲಾ ಹೇಳಿದ್ದನ್ನು ಮನೆಗೆ ಬಂದು ಅಮ್ಮಿಗೆ ಒಪ್ಪಿಸುವಾಗ ಅಬ್ಬಾನ ಮುಖ ಹಗುರವಾಗಿತ್ತು. ತಾಯಿ ಹಾಸಿಗೆ ಹಿಡಿದಾಗ ಮಗುವನ್ನೆತ್ತುವ ಹಾಗೆ ಎತ್ತಿಕೊಂಡು ಬಚ್ಚಲಿಗೆ ಕರೆದೊಯ್ದ ಹುಡುಗ. ಬೀಡಿ ಕಟ್ಟುವವರ ಪಕ್ಕ ಬೆಳೆದೂ ಒಂದು ಬೀಡಿ ತುಟಿಗಿಟ್ಟವನಲ್ಲ. ದಾರಿಯಲ್ಲಿ ಯಾರದೇ ಮಗು ಅಳುತ್ತಿದ್ದರೂ ಟೆಂಪೋ ನಿಲ್ಲಿಸುತ್ತಾನೆ.

ಅದರಲ್ಲಿ ಒಂದೂ ಸುಳ್ಳಲ್ಲ. ಮದುವೆಯಾದ ಮೇಲೆ ನಾನೇ ನೋಡಿದೆ. ನಮ್ಮ ಅಫ್ರಾ ಹುಟ್ಟಿದಾಗ ಅವಳ ಬಟ್ಟೆ ಒಗೆದವನು ಅವನು. ಅನ್ನ ಮುದ್ದೆಯಾಯಿತೆಂದು, ಫೋನಿಗೆ ಬೇಗ ಓಡಿ ಬರಲಿಲ್ಲವೆಂದು ನನ್ನನ್ನು ಕೂದಲು ಹಿಡಿದು ಗೋಡೆಗೆ ಗುದ್ದಿದವನೂ ಅವನೇ. ಆಮೇಲೆ ಕಾಲ ಬಳಿ ಕೂತು ಅಳುತ್ತಿದ್ದ. ಆ ಅಳುವೂ ನಿಜ.

ಎರಡು ಹಿತ್ತಲುಗಳ ನಡುವಿನ ಕೆಂಪುಕಲ್ಲಿನ ಗೋಡೆ ಒಂದು ಕಡೆ ಕುಸಿದು ದಾರಿಯಾಗಿತ್ತು. ಅವನ ಟೆಂಪೋ ಹೊರಟ ಸದ್ದು ಕೇಳಿದ ಕೂಡಲೇ ಖಾಲಾ ಆ ದಾರಿಯಲ್ಲಿ ಎಣ್ಣೆಯ ಬಟ್ಟಲು ಹಿಡಿದು ಬರುತ್ತಿದ್ದರು. ನನ್ನ ಬೆನ್ನಿಗೆ ಹಚ್ಚುತ್ತಿದ್ದರು.

“ಮೀನಿಗೆ ರೇಟಿಲ್ಲೆ ಅಲ್ದಾ ಮಗಾ, ತಲಿಬಿಸಿ ಅವ್ನಿಗೆ,” ಎನ್ನುತ್ತಿದ್ದರು. ಇನ್ನೊಮ್ಮೆ, “ತಾಯಿ ಇಲ್ಲದವ.” ಮತ್ತೊಮ್ಮೆ, “ರಂಜಾನ್ ಬರ್ಲಿ, ಉಪವಾಸ ಹಿಡ್ದ್ರೆ ಮನ್ಸ್ ಮೆತ್ತಗಾತ್ತ್.”

ನಾನೂ ಕಾದೆ. ಮಗುವಿಗೆ ಹಾಲೂಡಿಸುತ್ತಾ, ಹೌದು, ಒಳ್ಳೆಯದು ಇದೆಯಲ್ಲ, ಅದು ದೊಡ್ಡದಾಗಬಹುದು ಎಂದು ಕಾದೆ. ರಂಜಾನ್ ಬಂತು, ಹೋಯಿತು.

2006ರ ಮಳೆಗಾಲದ ಒಂದು ಬೆಳಿಗ್ಗೆ ಅವನ ಕೈ ನನ್ನ ಎಡಗಿವಿಯ ಮೇಲೆ ಬಿತ್ತು. ಖಾಲಾ ಬಂದು ಪಕ್ಕದಲ್ಲಿ ಕೂತು ಏನೋ ಕೇಳಿದರು. ಅವರ ತುಟಿ ಅಲ್ಲಾಡುವುದು ಕಂಡಿತು, ಮಾತು ಬರಲಿಲ್ಲ. “ಖಾಲಾ, ಈ ಬದಿಗೆ ಕೇಳುವುದಿಲ್ಲ,” ಎಂದೆ.

ಎಣ್ಣೆಯ ಬಟ್ಟಲು ನೆಲಕ್ಕಿಟ್ಟು ಈಚೆ ಬದಿಗೆ ಬಂದು ಕೂತರು. ತಮಗೇ ಹೇಳಿಕೊಳ್ಳುವ ಹಾಗೆ ಎಂದರು: “ಆರಿಫಾಗೂ ಅದೇ ಬದಿ.”

ಆರಿಫಾ ಇಲ್ಯಾಸನ ತಂಗಿ, ನನಗಿಂತ ಮೊದಲು ಮದುವೆಯಾಗಿ ಹೋದವಳು. ಚಿಕ್ಕಂದಿನಲ್ಲಿ ಮೆಟ್ಟಿಲಿಂದ ಬಿದ್ದು ಕಿವಿ ಹೋಯಿತು ಎಂದು ಮನೆಯಲ್ಲಿ ಹೇಳುತ್ತಿದ್ದರು.

“ನಿಮಗೆ ಗೊತ್ತಿತ್ತಾ?”

“ಗೊತ್ತಿತ್ತ್.”

“ಅಬ್ಬಾ ಬಂದು ಕೇಳಿದಾಗ?”

“ಅವ ತಂಗಿನ ಹೊತ್ಕಂಡ್ ಡಾಕ್ಟ್ರಲ್ಲಿಗೆ ಓಡದ್ದ್ ನಾ ಕಂಡಿದೆ ಮಗಾ. ಅತ್ತದ್ದೂ ಕಂಡಿದೆ. ಮದ್ವೆ ಆರೆ ಸಮ ಆತ್ತ ಅಂದ್ಕಂಡೆ.” ನನ್ನ ಕೈ ಹಿಡಿಯಲು ಬಂದು, ಹಿಡಿಯದೆ ಬಿಟ್ಟರು. “ನಿಮ್ಮಪ್ಪಯ್ಯ ನಾ ಕೊಟ್ಟ ಚಾ ಕುಡ್ದ್, ಖುಷಿಯಲ್ ಹೋದ್ರ್.”

ಅವರ ಮೇಲೆ ಕೂಗಾಡಬೇಕಿತ್ತೇನೋ. ಮಗುವಿನ ಜ್ವರದ ಔಷಧ, ಎರಡು ಜೊತೆ ಬಟ್ಟೆ, ಲಸಿಕೆಯ ಕಾರ್ಡು ಇಷ್ಟನ್ನು ಚೀಲಕ್ಕೆ ತುಂಬುವುದರಲ್ಲಿ ಆ ಹೊತ್ತು ಹೋಯಿತು. ಬಸ್ಸಿನವರೆಗೆ ಅಫ್ರಾಳನ್ನು ಎತ್ತಿಕೊಂಡು ಬಂದವರು ಖಾಲಾ. ಮಗುವಿನ ತಲೆಗೆ ತಮ್ಮ ಸೆರಗು ಹೊದಿಸಿ, ತಾವು ಒದ್ದೆಯಾಗುತ್ತಾ ನಿಂತಿದ್ದರು.

ಬ್ರಹ್ಮಾವರದಲ್ಲಿ ಅಬ್ಬಾನ ಅಂಗಡಿಯ ಮೂಲೆಯಲ್ಲಿ ನನಗೂ ಒಂದು ಹೊಲಿಗೆ ಮೆಷಿನ್ ಬಂತು. ನಾನೇ ಬಿಡುಗಡೆ ಕೇಳಿ, ಖುಲಾ ಆಗಿ ನಿಕಾಹ್ ಕಡಿಯಿತು. ವಾರಕ್ಕೊಮ್ಮೆ ಹೆಂಗಸರಿಗೆ ಧರ್ಮದ ಪಾಠ ಹೇಳುವ ಆಲಿಮಾ ಒಬ್ಬರು ಒಂದು ದಿನ, ತನ್ನನ್ನು ಮದುವೆಗೆ ಕೇಳಿಕೊಂಡು ಬಂದ ಇಬ್ಬರು ಗಂಡಸರ ಬಗ್ಗೆ ಸಲಹೆ ಬೇಡಿದ ಹೆಣ್ಣೊಬ್ಬಳಿಗೆ ಪ್ರವಾದಿವರ್ಯರು ಅವರ ಕುಂದುಗಳನ್ನು ಮುಚ್ಚದೆ ಹೇಳಿದ ಪ್ರಸಂಗ ತಿಳಿಸಿದರು. ಜನರ ಬಗ್ಗೆ ಒಳ್ಳೆಯದನ್ನೇ ಭಾವಿಸಿ; ಆದರೆ ಮದುವೆಗೆಂದು ನಂಬಿ ಕೇಳಿದವರಿಂದ ಗೊತ್ತಿದ್ದದ್ದನ್ನು ಮುಚ್ಚಿಡಬೇಡಿ, ಅದು ಚಾಡಿಯಲ್ಲ, ಅಮಾನತ್ತು, ನಂಬಿ ಒಪ್ಪಿಸಿದ್ದನ್ನು ಕಾಯುವ ಹೊಣೆ, ಎಂದರು. ಮುಂದಿನ ಸಾಲಿನಲ್ಲಿ ಕೂತಿದ್ದ ನಾನು ಬಲಗಿವಿ ಕೊಟ್ಟು ಕೇಳಿದೆ. ಇಷ್ಟನ್ನು ಖಾಲಾರಿಗೆ ಯಾರೂ ಹೇಳಿರಲಿಲ್ಲ.

2009ರಲ್ಲಿ ಚಂದ್ರಮತಿ ಫೋನ್ ಮಾಡಿದಳು. ಇಲ್ಯಾಸನಿಗೆ ಬಿಜೂರಿನಿಂದ ಹೆಣ್ಣು ಗೊತ್ತಾಗುತ್ತಿದೆ, ಹುಡುಗಿಯ ತಂದೆ ಶುಕ್ರವಾರ ವಿಚಾರಿಸಲು ಬರುತ್ತಾರೆ.

“ಖಾಲಾ ಏನು ಹೇಳುತ್ತಾರೆ?”

“ಎಂತ ಹೇಳೂದ್? ನೀ ಹೋರ್ ಮೇಲೆ ಅವ್ರ್ ಮಾತೇ ಕಮ್ಮಿ. ಮೊನ್ನೆ ಕುಷ್ಟ ಬಿದ್ರೆ ‘ಬೀಳ್ಲಿ’ ಅಂದ್ರ್. ನಂಗ್ ಹೆದ್ರಿಕೆ ಆಯ್ತ್.”

ನಾನೇ ಬಿಜೂರಿಗೆ ಹೋಗಿ ಹೇಳಬಹುದಿತ್ತು. ಬಿಟ್ಟು ಬಂದವಳು ಒಳ್ಳೆಯದು ಹೇಳುತ್ತಾಳೆಯೇ ಎನ್ನುತ್ತಾರೆ. ಶುಕ್ರವಾರ ಅಫ್ರಾಳನ್ನು ಕರೆದುಕೊಂಡು ಶಿರೂರಿಗೆ ಹೋದೆ. ಆಲಿಮಾ ಹೇಳಿದ್ದನ್ನು ಖಾಲಾರಿಗೆ ಹೇಳಿದೆ. ಕೇಳುತ್ತಾ ಕೇಳುತ್ತಾ ಅವರ ಕೈಯ ಬೀಡಿ ಎಲೆ ಹರಿದುಹೋಯಿತು.

“ಇದ್ ಮುಂಚೆ ಗೊತ್ತಿದ್ರೆ,” ಎಂದು ಅಲ್ಲಿಗೇ ನಿಲ್ಲಿಸಿದರು. ಆಮೇಲೆ, “ಹೇಳ್ತೆ. ನೀ ಒಳಗ್ ಕೂತ್ಕ. ನಿನ್ನ್ ಕಂಡ್ರೆ ನೀನೇ ಹೇಳ್ಸದ್ದ್ ಅಂಬ್ರ್.”

ಹುಡುಗಿಯ ತಂದೆ ಮೊಯ್ದಿನ್ ಸಾಹೇಬರು ನಮಾಜು ಮುಗಿಸಿ ಬಂದರು. ತೆಳ್ಳಗಿನ ಮನುಷ್ಯ, ತೊಳೆದು ತೊಳೆದು ಬಣ್ಣ ಹೋದ ಅಂಗಿ. ಕರ್ಟನ್ನಿನ ಸಂದಿಯಿಂದ ನೋಡಿದಾಗ ನಮ್ಮ ಅಬ್ಬಾನೇ ಬಂದು ಕೂತ ಹಾಗಿತ್ತು.

“ಹುಡ್ಗ ಹ್ಯಾಂಗೆ ಖಾಲಾ?”

“ತಾಯಿನ ಎತ್ಕಂಡ್...” ಎಂದು ಶುರುಮಾಡಿದ ಖಾಲಾ ತಡೆದರು. ಕೆಟ್ಟದ್ದು ಹೇಳಿ ಗೊತ್ತಿಲ್ಲದ ನಾಲಿಗೆ. “ಕೈ ಮಾಡ್ತ ಸಾಹೇಬ್ರೆ. ತಂಗಿ ಕಿವಿ ಹೋಯ್ತ್. ಹೆಂಡ್ತಿ ಕಿವಿ ಹೋಯ್ತ್. ನಾ ಈಚೆ ಕೂತ್ ಕೇಣ್ತಾ ಇದ್ದೆ. ಹೆಣ್ಣ್ ಕೊಡ್ಬೇಡಿ.”

ಸಾಹೇಬರ ಕೈಯ ಲೋಟ ಅಲ್ಲೇ ನಿಂತಿತು. ಅವರು ನಂಬಿದರು. ಆ ಕ್ಷಣ ನಂಬಿದ್ದು ನನಗೆ ಕಾಣುತ್ತಿತ್ತು.

ಅಷ್ಟರಲ್ಲಿ ಅಫ್ರಾ ಬಾಯಾರಿಕೆಯೆಂದು ನನ್ನ ಕೈ ಬಿಡಿಸಿಕೊಂಡು ಹೊರಗೋಡಿದಳು.

“ಇದ್ ಯಾರ್ ಮಗು?” ಎಂದರು ಸಾಹೇಬರು.

ಮೊಮ್ಮಗಳು ಎನ್ನಬಹುದಿತ್ತು. ಖಾಲಾಗೆ ಸುಳ್ಳು ಬರುವುದಿಲ್ಲ. “ಇಲ್ಯಾಸನ ಮಗಳ್,” ಎಂದರು.

ಸಾಹೇಬರು ಕರ್ಟನ್ನಿನತ್ತ ನೋಡಿದರು. ಮುಖದ ಬಿಗಿ ಸಡಿಲವಾಯಿತು. ನಮ್ಮ ಅಬ್ಬಾನ ಮುಖದಲ್ಲಿ ಅಂದು ಬಂದಿದ್ದ ಅದೇ ಹಗುರ. “ಹಾಂಗಾರೆ ಬಿಟ್ಟ್ ಹೋದರ್ ಒಳಗಿದ್ರ್. ಈಗ ಗೊತ್ತಾಯ್ತ್.”

ನಾನು ಹೊರಗೆ ಬಂದೆ. ಕಿವಿ ಮುಟ್ಟಿ ತೋರಿಸಿ ಎಲ್ಲ ಹೇಳಿದೆ. ಅವರು ನೆಲ ನೋಡುತ್ತಾ ಮರ್ಯಾದೆಯಿಂದಲೇ ಕೇಳಿದರು.

“ನಿಂಗೆ ನೋವಾಯಿತ್ತ್ ತಂಗಿ, ಇಲ್ಲೆ ಅಂಬುದಿಲ್ಲೆ. ಆರೆ ಮನ್ಷ ಬದಲಾತ್ತ. ತಪ್ಪಿಗೆ ತೌಬಾ ಮಾಡಿದ ಅಂಬ್ರ್. ಒಬ್ರ್ ಬಗ್ಗೆ ಒಳ್ಳೆದನ್ನೇ ಕಾಣ್ಕ್ ಅಂದ್ ಊರಿಗೆಲ್ಲ ತೋರ್ಸದ್ದ್ ಈ ಖಾಲಾನೇ ಅಲ್ದಾ?”

“ಸಾಹೇಬ್ರೆ, ನಿಮ್ ಕಾಲ್ ಹಿಡ್ಕಂತೆ,” ಎಂದು ಖಾಲಾ ಬಗ್ಗಿಯೇಬಿಟ್ಟರು.

ಅವರು ಗಾಬರಿಯಿಂದ ಹಿಂದೆ ಸರಿದು ಚಪ್ಪಲಿ ಮೆಟ್ಟಿದರು. ಮನೆಯಲ್ಲಿ ಇನ್ನೂ ಹೆಣ್ಣುಮಕ್ಕಳಿದ್ದಾರೆ, ವರದಕ್ಷಿಣೆ ಬೇಡವೆಂದ ಗಂಡು ಇವನೊಬ್ಬನೇ ಎಂದು ಮೆಟ್ಟಿಲಲ್ಲಿ ನಿಂತು ಹೇಳಿದರು. ಅದು ನಮಗೆ ಹೇಳಿದ ಹಾಗಿರಲಿಲ್ಲ.

ಬಕ್ರೀದ್ ಕಳೆದು ನಿಕಾಹ್ ಆಯಿತು. ಮೊದಲ ಸಲ ಆಚೆ ಪಾತ್ರೆ ಬಿದ್ದ ಸದ್ದಾದಾಗ ಖಾಲಾ ಗೋಡೆಯ ದಾರಿಯಲ್ಲಿ ನುಗ್ಗಿ, ಅವರ ಅಡುಗೆಮನೆಯ ನಡುವೆ ಹೋಗಿ ಕೂತರಂತೆ. “ಎಂತಕ್ ಬಂದ್ರಿ?” ಎಂದರೆ, “ಸುಮ್ಮನೆ” ಎಂದರಂತೆ. ಅವನು ಹೊರಗೆ ಹೋಗುವವರೆಗೆ ಏಳಲಿಲ್ಲ. ಅದೇ ವಾರ ಇಲ್ಯಾಸ ಕೆಂಪುಕಲ್ಲು ತರಿಸಿ ದಾರಿ ಮುಚ್ಚಿ, ಗೋಡೆಯನ್ನು ಆಳೆತ್ತರ ಮಾಡಿಸಿದ. ಇದನ್ನೆಲ್ಲ ಹೇಳಿದ್ದು ಚಂದ್ರಮತಿ. ಅವಳೂ ಈಗ ಬೀಡಿ ಕಟ್ಟಲು ಅಲ್ಲಿಗೆ ಹೋಗುವುದಿಲ್ಲ. “ಮಾತಾಡುಕ್ ಬಿಡೂದಿಲ್ಲೆ ಮಾರಾಯ್ತಿ. ಆಚೆ ಮನೆ ಸದ್ದ್ ಕೇಣ್ತಿಲ್ಲೆ ಅಂಬ್ರ್. ಅವ್ರಿಗೆ ತಲೆ ಸಮ ಇಲ್ಲೆ ಅಂದ್ ಊರಲ್ ಹೇಳೂಕ್ ಶುರು ಮಾಡಿದ್ರ್.”

ಮರುವರ್ಷ ಮಳೆ ಬಿಟ್ಟ ಮೇಲೆ ನೋಡಲು ಹೋದೆ. ಗೆರಸೆ ಮೂಲೆಗೆ ಸೇರಿತ್ತು. ಜಗಲಿಯಲ್ಲಿ ಕೂರುತ್ತಿದ್ದ ಖಾಲಾ ಹಿತ್ತಲಲ್ಲಿ, ಆ ಗೋಡೆಗೆ ಬೆನ್ನು ಕೊಟ್ಟು ಮಣೆ ಹಾಕಿಕೊಂಡಿದ್ದರು. ಬಹಳ ಇಳಿದುಹೋಗಿದ್ದರು. ನನಗೆ ಚಹಾ ಕೊಟ್ಟರು, ಅಫ್ರಾ ಯಾವ ಕ್ಲಾಸು ಎಂದು ಕೇಳಿದರು. ಉತ್ತರ ಹೇಳುತ್ತಿದ್ದಂತೆ ಕೈಯೆತ್ತಿ ತಡೆದರು. ನನಗೆ ಏನೂ ಕೇಳಿಸಲಿಲ್ಲ. ಖಾಲಾ ಎದ್ದು, ಒನಕೆಯ ತುಂಡೊಂದನ್ನು ತೆಗೆದುಕೊಂಡು ಗೋಡೆಗೆ ಬಡಿಯತೊಡಗಿದರು. ಉಸಿರು ಸಾಲದೆ ಬಾಗಿದರೂ ಬಡಿಯುವುದನ್ನು ಬಿಡಲಿಲ್ಲ. ಆಚೆಯಿಂದ ಗಂಡಸಿನ ಬೈಗುಳವೊಂದು ಬಂತು, ಬಾಗಿಲು ದಡಾರನೆ ಹಾಕಿಕೊಂಡಿತು, ಟೆಂಪೋ ಹೊರಟಿತು.

“ಇವತ್ತಿಗ್ ನಿಂತ್ತ್,” ಎಂದು ಬಂದು ಕೂತರು.

ಆ ಹುಡುಗಿ ಹೇಗೆ ಎಂದು ಕೇಳಿದೆ.

“ಒಳ್ಳೆ ಹೆಣ್ಣ್,” ಎಂದರು ಖಾಲಾ. “ಎಷ್ಟ್ ಹೊಡ್ದ್ರೂ ಬಾಯೇ ಬಿಡೂದಿಲ್ಲೆ.”