ಫೋನಿನ ನಿರ್ಮಾಲ್ಯ

ಕಲಬುರಗಿಯಿಂದ ಕಮಲಾಪುರಕ್ಕೆ ಹೊರಟ ಬಸ್ಸಿನಲ್ಲಿ ಪಕ್ಕದ ಹೆಂಗಸು ತನ್ನ ಫೋನನ್ನು ನನ್ನ ಕೈಗಿಟ್ಟಳು. "ಮಗಳು ಇವತ್ತ ಹಡದಾಳ್ರಿ. ಕೂಸಿನ ಫೋಟೋ ಬರಲಾಕತ್ತಿಲ್ಲ, ನೋಡ್ರಿ."

ಫೋನಿನಲ್ಲಿ ಜಾಗವೇ ಇರಲಿಲ್ಲ. ತುಂಬ ಶುಭೋದಯ ಹೇಳುವ ದೇವರುಗಳು. ಅಳಿಸಲೇ ಎಂದೆ.

"ದೇವರಿಗಿ ಅಳಸ್ತಾರೇನ್ರಿ? ನಿಮ್ಮ ಮೈಸೂರ ಕಡಿ ಹಂಗ ಮಾಡ್ತಾರೇನು?"

ಈ ಕಡೆ ಸೊಸೆಯಾಗಿ ಬಂದು ಮುದುಕಿಯಾದರೂ ನನ್ನ ಮಾತು ನನ್ನ ತವರನ್ನು ಹೇಳಿಬಿಡುತ್ತದೆ. ಇಂಥ ಚಿತ್ರಗಳನ್ನು ಕಳಿಸಿ ಕೂಡಿಡಲು ಎಲ್ಲೋ ದೊಡ್ಡ ಯಂತ್ರಗಳು ಕರೆಂಟು ತಿನ್ನುತ್ತವೆ, ಅವು ಬಿಸಿಯಾಗದಂತೆ ನೀರೂ ಬೇಕು ಎಂದು ವಿವರಿಸಿದೆ.

"ನಮ್ಮ ನಳಕ್ಕ ನೀರಿಲ್ಲ, ಫೋಟೋಕ್ಕ ನೀರೇನ್ರಿ!" ಎಂದು ನಕ್ಕಳು. ಅಳಿಸಲು ಮಾತ್ರ ಬಿಡಲಿಲ್ಲ.

"ನಿನ್ನೆ ಏರಿಸಿದ ಹೂವನ್ನು ಇವತ್ತು ದೇವರ ಮೇಲಿಂದ ತೆಗೆಯುವುದಿಲ್ಲವೆ? ಇದೂ ನಿರ್ಮಾಲ್ಯವೇ ಅಂದುಕೊ."

ಸ್ವಲ್ಪ ಯೋಚಿಸಿ ಫೋನು ಕಸಿದುಕೊಂಡಳು. "ತಪ್ಪಾತೋ ಯಪ್ಪಾ" ಎನ್ನುತ್ತ ಒಂದೊಂದು ದೇವರಿಗೂ ಕೈಮುಗಿದು ತಾನೇ ಅಳಿಸಿದಳು. ಕಮಲಾಪುರ ಬರುವ ಮೊದಲೇ ಫೋಟೋ ಬಂತು: ಕಣ್ಣು ಮುಚ್ಚಿ, ಮುಷ್ಟಿ ಬಿಗಿದ ಕೂಸು. ಅವಳು ಫೋನಿಗೆ ಮುತ್ತಿಟ್ಟಳು.

ಇಳಿಯುವಷ್ಟರಲ್ಲಿ ಅದನ್ನು ಎಲ್ಲ ಗ್ರೂಪುಗಳಿಗೂ ಕಳಿಸಿ, ನನ್ನ ನಂಬರನ್ನೂ ಕೇಳಿದಳು. ಕೊಟ್ಟೆ. ಹುಟ್ಟಿದ ದಿನವೇ ಇಷ್ಟು ಕರೆಂಟು ಸುಟ್ಟ ಕೂಸು ಈ ಸೀಮೆಯಲ್ಲಿ ಇನ್ನೊಂದಿರಲಾರದು.